ಏಳು ಮೀನಿನ ಲೆಕ್ಕ

ಹೋದ ವಾರ ಹೊನ್ನಾಳಿಯ ನಮ್ಮ ಮನೆಯ ಅಡುಗೆಮನೆ ಸಿಂಕ್ ಸೋರುತ್ತಿದೆ ಎಂದು ಪ್ಲಂಬರ್‌ನನ್ನು ಕರೆಸಿದ್ದೆ. ಮೂರು ದಿನ ‘ಈಗ ಬಂದೆ ಮೇಡಂ’ ಎಂದು ಸತಾಯಿಸಿ ನಾಲ್ಕನೇ ದಿನ ಬಂದ ಪುಣ್ಯಾತ್ಮ, ಬಂದೂಕಿನಂಥ ಒಂದು ಸಾಮಾನಿಗೆ ಟ್ಯೂಬು ಸಿಕ್ಕಿಸಿ, ಸಿಂಕಿನ ಅಂಚಿಗೆಲ್ಲ ಬಿಳಿ ಅಂಟು ಎಳೆದು, ನಾಳೆವರೆಗೆ ನೀರು ಬಿಡಬೇಡಿ ಎಂದು ಹೇಳಿ ಹೋದ. ಅಂಟಿನ ವಾಸನೆ ಮನೆಯೆಲ್ಲ ತುಂಬಿತು. ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತರೆ ಮೂಗಿಗೆ ಹೊಡೆಯುತ್ತದಲ್ಲ, ವಿನೆಗರ್, ಥೇಟ್ ಅಂಥದೇ ಹುಳಿ ವಾಸನೆ. ನಮ್ಮ ಯಜಮಾನರು ಕಿಟಕಿ ತೆಗೆ ಎಂದರು. ನಾನು ತೆಗೆಯಲಿಲ್ಲ. ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಗಾಜಿನ ಅಂಗಡಿಯವರು ಆಗಲೇ ಕಣ್ಣ ಮುಂದೆ ಬಂದು ನಿಂತಿದ್ದರು... ಅವರನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೊದಲು ಅವರ ಮೇಲೆ ಬರುತ್ತಿತ್ತು. ಈಗ ನನ್ನ ಮೇಲೆ ಬರುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಎಂಟು ವರ್ಷದ ಹಿಂದೆ ಚನ್ನಗಿರಿಯಲ್ಲಿದ್ದೆ, ಬಾಡಿಗೆ ಮನೆ. ಹಾಲಿನಲ್ಲಿ ಸಿಮೆಂಟಿನ ದೊಡ್ಡ ಶೋಕೇಸ್. ಅದರ ನಡುವೆ ಹಳೇ ಕಾಲದ ಡಬ್ಬಿ ಟಿವಿ ಇಡಲೆಂದು ಬಿಟ್ಟಿದ್ದ ಅಗಲವಾದ ಗೂಡು. ಟಿವಿಗಳೆಲ್ಲ ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಆ ಗೂಡು ಖಾಲಿ ಬಿದ್ದಿತ್ತು. ಅಲ್ಲಿ ನಾನು ನನ್ನ ಸನ್ಮಾನದ ಫಲಕಗಳನ್ನು ಜೋಡಿಸಿದ್ದೆ. ಶೇಕಡಾ ನೂರು ಫಲಿತಾಂಶಕ್ಕೆ ಕೊಟ್ಟವು, ಸಂಘದವರು ಕೊಟ್ಟವು, ಹೀಗೆ. ಮನೆಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗಬೇಕು, ಹಾಗೆ ಇಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ.

ಆಗ ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಯಾರದೋ ಮನೆಯ ಮೂಲೆಯಲ್ಲಿ ಕಂಬದ ಹಾಗೆ ಎತ್ತರಕ್ಕೆ ನಿಂತ ಗಾಜಿನ ತೊಟ್ಟಿ, ಒಳಗೆ ಬಣ್ಣಬಣ್ಣದ ಪುಟಾಣಿ ಮೀನು. ನಮ್ಮ ಶೋಕೇಸಿಗೂ ಬಾಗಿಲಿಗೂ ನಡುವಿನ ಮೂಲೆಯಲ್ಲಿ ಒಂದಡಿ ಜಾಗ ಇತ್ತು. ಒಂದಡಿ ಉದ್ದ, ಒಂದಡಿ ಅಗಲ, ಎರಡೂವರೆ ಅಡಿ ಎತ್ತರ. ಅಳತೆ ಬರೆದುಕೊಂಡು ಶಾಲೆ ಬಿಟ್ಟ ಮೇಲೆ ಗಾಜಿನ ಅಂಗಡಿಗೆ ಹೋದೆ.

ಅಂಗಡಿ ಎಂದರೆ ಒಂದು ಮಳಿಗೆ ಅಷ್ಟೆ. ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಮರದ ಪಟ್ಟಿಗಳು, ಕಟ್ಟು ಹಾಕಿ ಮುಗಿದ ದೇವರ ಪಟಗಳು. ಅವುಗಳ ನಡುವೆ ಒಂದು ಉದ್ದನೆಯ ಮೇಜು. ಆ ಮೇಜಿನ ಮೇಲೆ ಒಂದು ಮೀನಿನ ತೊಟ್ಟಿ, ಅವರೇ ಮಾಡಿದ್ದು. ಅವರಿಗೆ ಐವತ್ತರ ಆಸುಪಾಸು. ಸೂಳೆಕೆರೆ ದಂಡೆಯ ಒಂದು ಹಳ್ಳಿಯವರು, ಅವರಪ್ಪ ಆ ಕೆರೆಯಲ್ಲಿ ಬಲೆ ಬೀಸುತ್ತಿದ್ದವರು ಎಂದು ಆಮೇಲೆ ತಿಳಿಯಿತು. ಮಾತು ಕಮ್ಮಿ. ಆಡಿದರೂ ಗಾಜು ಕೊಯ್ಯುವ ಹಾಗೆ ಅಳೆದು ಅಳೆದು. ನನ್ನಂಥ ಪಟಪಟ ಮಾತಾಡುವವಳಿಗೆ ಅದೇ ಮೊದಲ ತಲೆನೋವು.

ನಾನು ಅಳತೆ ಚೀಟಿ ಕೊಟ್ಟೆ. ಅವರು ನೋಡಿ ವಾಪಸ್ ಕೊಟ್ಟರು. ಎಷ್ಟು ಮೀನು ಬಿಡುತ್ತೀರಿ ಎಂದು ಕೇಳಿದರು. ಅದನ್ನು ತಗೊಂಡು ನಿಮಗೇನಾಗಬೇಕು, ನೀವು ತೊಟ್ಟಿ ಮಾಡಿ ಕೊಡಿ ಎಂದೆ. ಮೀನು ಎಷ್ಟು, ಯಾವುದು ಎಂದು ಗೊತ್ತಾಗದೆ ತೊಟ್ಟಿಯ ಅಳತೆ ಹೇಳಲು ಬರುವುದಿಲ್ಲ ಎಂದರು. ಬಟ್ಟೆ ಹೊಲಿಯುವವನು ಹಾಕಿಕೊಳ್ಳುವವರನ್ನು ನೋಡದೆ ಕತ್ತರಿ ಹಾಕುತ್ತಾನೆಯೇ ಎನ್ನುವ ಧಾಟಿ. ನನಗೆ ರೇಗಿತು. ಆದರೂ ತಡೆದುಕೊಂಡು ಗಪ್ಪಿ, ಮೋಲಿ, ಅಂಥ ಇಂಚುದ್ದದ ಮೀನು, ಒಂದು ಹದಿನೇಳು ಎಂದೆ. ಹದಿನೇಳು ಸುಮ್ಮನೆ ಬಂದ ಸಂಖ್ಯೆಯಲ್ಲ. ಎರಡೂವರೆ ಘನ ಅಡಿ ಎಂದರೆ ಎಪ್ಪತ್ತು ಲೀಟರ್. ಒಂದಿಂಚು ಮೀನಿಗೆ ನಾಲ್ಕು ಲೀಟರ್ ಸಾಕು ಎಂದು ಫೋನಿನಲ್ಲಿ ಓದಿದ್ದೆ. ಭಾಗಿಸಿದರೆ ಹದಿನೇಳೂವರೆ. ಅರ್ಧ ಮೀನು ಸಿಗುವುದಿಲ್ಲವಲ್ಲ, ಬಿಟ್ಟೆ.

ಅವರು ಮೇಜಿನ ಮೇಲಿದ್ದ ತಮ್ಮ ತೊಟ್ಟಿ ತೋರಿಸಿದರು. ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಹದಿನೇಳು ಮೀನಿಗೆ ಇಂಥದು ಬೇಕು ಎಂದರು. ನಾನು ನಕ್ಕೆ. ನನ್ನ ಚೀಟಿಯ ತೊಟ್ಟಿಯನ್ನು ಮಲಗಿಸಿದರೆ ಅದೇ ಇದು, ಇದನ್ನು ನಿಲ್ಲಿಸಿದರೆ ಅದೇ ಅದು. ಘನಫಲ ಒಂದೇ. ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ವಿಷಯ. ಅವರಿಗೆ ಕರಿಹಲಗೆಯ ಮುಂದೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಅವರು ಪೂರಾ ಕೇಳಿಸಿಕೊಂಡರು.

“ನೀರಿನ ಹೊಟ್ಟೆ ನೋಡಬ್ಯಾಡ್ರಿ ಮೇಡಂ, ಬಾಯಿ ನೋಡ್ರಿ,” ಎಂದರು.

ತೊಟ್ಟಿಯ ಮೇಲ್ಭಾಗದ ತೆರೆದ ಜಾಗಕ್ಕೆ ಅವರು ಬಾಯಿ ಎನ್ನುತ್ತಿದ್ದರು, ಒಳಗೆ ಹಿಡಿಸುವ ನೀರಿಗೆ ಹೊಟ್ಟೆ. ನೀರು ಉಸಿರಾಡುವುದು ಬಾಯಿಂದ, ಹೊಟ್ಟೆಯಿಂದಲ್ಲ. ನಿಲ್ಲಿಸಿದ ತೊಟ್ಟಿಗೆ ಬಾಯಿ ಒಂದೇ ಚದರ ಅಡಿ, ಮಲಗಿಸಿದ್ದಕ್ಕೆ ಎರಡೂವರೆ. ಗಾಳಿ ಸೇರುವುದು ಅಷ್ಟರಲ್ಲೇ. ಗಾಳಿ ಊದುವ ಮೋಟಾರ್ ಇಡುತ್ತೇನಲ್ಲ ಎಂದೆ. ಮೋಟಾರಿಗೆ ಕರೆಂಟ್ ಬೇಕಲ್ಲ ಎಂದರು. ನಮ್ಮ ಸೂಳೆಕೆರೆಯನ್ನು ಜನ ದೊಡ್ಡ ಕೆರೆ ಎನ್ನುವುದು ಆಳ ನೋಡಿಯೋ ಹರವು ನೋಡಿಯೋ ಎಂದು ಕೇಳಿದರು. ಈ ಸಣ್ಣ ಮೀನು ಮಹಡಿ ಹತ್ತುವ ಜಾತಿಯಲ್ಲ, ಉದ್ದಕ್ಕೆ ಓಡಾಡುವ ಜಾತಿ ಎಂದೂ ಹೇಳಿದರು. ಇಷ್ಟನ್ನು ಒಂದೇ ಉಸಿರಿಗೆ ಹೇಳಿದ್ದರೆ ಚೆನ್ನಾಗಿತ್ತು. ಒಂದು ಮಾತು, ಆಮೇಲೆ ಒಂದು ಗಾಜು ಕೊಯ್ಯುವುದು, ಮತ್ತೆ ಒಂದು ಮಾತು. ನಾನು ಬಸ್ಸಿಗೆ ಹೊತ್ತಾದವಳ ಹಾಗೆ ಚಡಪಡಿಸುತ್ತಿದ್ದೆ.

ಒಂದು ಭಾನುವಾರ ಜಾಗ ನೋಡಲು ಮನೆಗೂ ಬಂದರು. ಮೂಲೆ ನೋಡಿ ತಲೆ ಅಲ್ಲಾಡಿಸಿದರು. ಶೋಕೇಸಿನ ಟಿವಿ ಗೂಡನ್ನು ಗೇಣು ಹಾಕಿ ಅಳೆದು, ಅದರ ಹಾಸನ್ನು ಗೆಣ್ಣಿನಿಂದ ತಟ್ಟಿ, ಮಲಗಿಸಿದ ತೊಟ್ಟಿ ಇಲ್ಲಿ ಭರ್ತಿ ಕೂರುತ್ತದೆ, ಭಾರವೂ ತಡೆಯುತ್ತದೆ ಎಂದರು. ಫಲಕಗಳನ್ನು ಎಲ್ಲಿಡಲಿ ಎಂದೆ. ಅವರು ಫಲಕಗಳ ಕಡೆ ನೋಡಿ, ಮೂಲೆಯ ಕಡೆ ನೋಡಿದರು. ಆ ನೋಟ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನೀವು ಮಾಡಿಕೊಡದಿದ್ದರೆ ದಾವಣಗೆರೆಯಲ್ಲಿ ಮಾಡಿಸುತ್ತೇನೆ ಎಂದು ಹೇಳಿಬಿಟ್ಟೆ.

ನನ್ನ ಅಳತೆಯ ತೊಟ್ಟಿಯನ್ನೇ ಮಾಡಿಕೊಡಲು ಅವರು ಒಪ್ಪಿಕೊಂಡರು. ಯಾಕೆ ಒಪ್ಪಿದರು ಎಂದು ಆಗ ನಾನು ಯೋಚಿಸಲಿಲ್ಲ. ಆದರೆ ತೊಟ್ಟಿ ತರಲು ಹೋದ ದಿನ ಅವರೇ ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ. ಗೋಡೆಯ ತುಂಬ ಹೊಸದಾಗಿ ಕಟ್ಟು ಹಾಕಿದ ಮುದುಕ ಮುದುಕಿಯರ ಫೋಟೊ ಇದ್ದವು. ಮದುವೆ ಫೋಟೊ, ಮಗುವಿನ ಫೋಟೊ ಒಂದೂ ಇರಲಿಲ್ಲ. ಅವೆಲ್ಲ ಈಗ ಫೋನಿನಲ್ಲೇ ಉಳಿಯುತ್ತವೆ.

“ಈಗ ಕಟ್ಟು ಹಾಕ್ಸಾಕೆ ಬರೋರು ಸತ್ತೋರ ಮನೆಯೋರೇ ಮೇಡಂ. ಜೀವ ಇರೋ ಕೆಲಸ ಅಂತ ನನ್ನ ಕೈಯಾಗೆ ಇರೋದು ಇದೊಂದೇ ನೋಡ್ರಿ,” ಎಂದು ತೊಟ್ಟಿ ತೋರಿಸಿದರು.

ಅವರಿಗೆ ಒಂದು ಅಭ್ಯಾಸವಿತ್ತು. ತೊಟ್ಟಿ ಮುಗಿದ ಮೇಲೆ, ಗಾಜಿಗೆ ಗುರುತು ಹಾಕುವ ಬಣ್ಣದ ಪೆನ್ಸಿಲಿನಿಂದ ಮೂಲೆಯಲ್ಲಿ ಒಂದು ಅಂಕಿ ಬರೆಯುತ್ತಿದ್ದರು. ಆ ತೊಟ್ಟಿಗೆ ಎಷ್ಟು ಮೀನು ಎಂಬ ಅಂಕಿ. ನನ್ನ ತೊಟ್ಟಿಯ ಮೇಲೆ ಏಳು ಎಂದು ಬರೆದು, ಏಳಕ್ಕಿಂತ ಒಂದೂ ಹೆಚ್ಚಿಗೆ ಬೇಡ ಎಂದು ಎರಡು ಸಲ ಹೇಳಿದರು. ಅಂಟಿನ ವಾಸನೆ ಹೋಗುವವರೆಗೆ ಒಂದು ವಾರ ನೀರು ತುಂಬಿ ಚೆಲ್ಲಿ ಎಂದೂ ಹೇಳಿದರು. ವಾರ ನೀರು ತುಂಬಿ ಚೆಲ್ಲಿದೆ, ಅದರಲ್ಲಿ ಮೋಸವಿಲ್ಲ. ಆದರೆ ಮೂಲೆಯ ಅಂಕಿ ಅಸಹ್ಯವಾಗಿ ಕಾಣುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದೆ. ದಾವಣಗೆರೆಯಿಂದ ಹದಿನೇಳು ಮೀನು ತಂದು ಬಿಟ್ಟೆ.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಬಂದವರೆಲ್ಲ ಮೂಲೆಯ ಮುಂದೆ ನಿಂತು ಹೊಗಳಿದರು. ಬೆಳಗಿನ ಹೊತ್ತು ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಪಕಪಕ ಆಡಿಸುತ್ತಿದ್ದವು. ಹಸಿವಿಗೆ ಎಂದುಕೊಂಡು ಕಾಳು ಹಾಕುತ್ತಿದ್ದೆ. ಅದು ಹಸಿವಲ್ಲ ಎಂದು ಒಳಗೆಲ್ಲೋ ಗೊತ್ತಿತ್ತೇ... ಹೇಳಲಾರೆ. ಏಪ್ರಿಲ್‌ನಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ದಾವಣಗೆರೆಗೆ ಹೋಗಿದ್ದ ಒಂದು ದಿನ, ಲೈನ್ ರಿಪೇರಿ ಎಂದು ಬೆಳಗ್ಗೆಯಿಂದ ಸಂಜೆವರೆಗೆ ಕರೆಂಟ್ ತೆಗೆದಿದ್ದರು. ಮೋಟಾರ್ ನಿಂತಿತ್ತು. ನಾನು ಬಂದು ನೋಡುವಾಗ ಹದಿನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದ ಮೂರೂ ಎರಡು ದಿನದಲ್ಲಿ ಹೋದವು.

ನಾನು ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟಿಗೆ ಒಬ್ಬ ಮನುಷ್ಯ ಬೇಕಲ್ಲ. ನನ್ನ ಲೆಕ್ಕ ತಪ್ಪಾಗುವುದು ಸಾಧ್ಯವೇ ಇಲ್ಲ, ಆದ್ದರಿಂದ ತಪ್ಪು ಅಂಟಿನದು. ಆ ಹುಳಿ ವಾಸನೆ ನೀರಿಗೆ ಇಳಿದಿರಬೇಕು. ಅಲ್ಲೇ ಕುಳಿತು ನಮ್ಮ ಜಿಲ್ಲೆಯ ಗಣಿತ ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಗಾಜಿನ ಅಂಗಡಿಯಲ್ಲಿ ಯಾರೂ ಮೀನಿನ ತೊಟ್ಟಿ ಮಾಡಿಸಬೇಡಿ, ಅವರ ಅಂಟಿನಲ್ಲಿ ವಿಷವಿದೆ, ಇದು ನನ್ನ ಸ್ವಂತ ಅನುಭವ. ಜೊತೆಗೆ ಸತ್ತ ಮೀನಿನ ಫೋಟೊ. ಹತ್ತು ನಿಮಿಷದಲ್ಲಿ ಮೂವತ್ತು ಜನ ಕೈ ಮುಗಿದರು, ಅಯ್ಯೋ ಎಂದರು, ತಿಳಿಸಿದ್ದಕ್ಕೆ ಧನ್ಯವಾದ ಎಂದರು. ಇನ್ನೊಂದು ಗ್ರೂಪಿಗೆ ಕಳಿಸಿದೆ ಎಂದು ಒಬ್ಬರು ಹೆಮ್ಮೆಯಿಂದ ಬರೆದರು. ಬುದ್ಧಿವಂತರೇ ಎಲ್ಲ. ಮೀನು ಎಷ್ಟಿದ್ದವು ಎಂದು ಒಬ್ಬರೂ ಕೇಳಲಿಲ್ಲ.

ಆಗಷ್ಟೇ ಶಾಲೆಗಳಲ್ಲಿ ವರಾಂಡಕ್ಕೊಂದು ಮೀನಿನ ತೊಟ್ಟಿ ಇಡಿಸುವ ಹುಚ್ಚು ಹತ್ತಿತ್ತು. ನಮ್ಮ ಶಾಲೆಯವರು ಆ ಗಾಜಿನ ಅಂಗಡಿಯವರಿಗೇ ಹೇಳಿದ್ದರು, ಸುತ್ತಲಿನ ಇನ್ನೂ ಎರಡು ಶಾಲೆಯವರು ಹೇಳಿದ್ದರು. ನಾನು ಗ್ರೂಪಿನಲ್ಲಿ ಬರೆದದ್ದನ್ನು ತೋರಿಸಿ ಮೂರೂ ಕಡೆಯವರು ಬೇಡ ಎಂದರು. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರ, ಅವರು ನಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಅಂಗಡಿಯಲ್ಲಿ ಅವರನ್ನು ನಾನು ಹಾಗೆ ನೋಡಿರಲಿಲ್ಲ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಒಳಗೆ ಏಳೆಂಟು ಜನ ಚಹಾ ಕುಡಿಯುತ್ತಿದ್ದರು. ನನ್ನ ಮೇಲೆ ರೇಗುತ್ತಾರೆ, ನಾಲ್ಕು ಮಾತು ಕೇಳಬೇಕಾಗುತ್ತದೆ ಎಂದು ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ.

“ಎಷ್ಟು ಮೀನು ಬಿಟ್ಟಿದ್ರಿ ಮೇಡಂ?” ಎಂದು ಕೇಳಿದರು.

ಅಷ್ಟೇ. ಚಹಾ ಕುಡಿಯುತ್ತಿದ್ದವರೆಲ್ಲ ನನ್ನ ಕಡೆ ನೋಡಿದರು. ಹೆಡ್‌ಮಾಸ್ಟರು ನೋಡಿದರು. ಹದಿನೇಳು ಎಂದು ಹೇಳಿದ್ದರೆ ಅಲ್ಲಿಗೆ ಮುಗಿದಿತ್ತು. ನಾನು ಬೇಜವಾಬ್ದಾರಿ ಎನಿಸಿಕೊಳ್ಳುತ್ತಿದ್ದೆ, ಒಂದು ವಾರ ನನ್ನನ್ನು ಆಡಿಕೊಳ್ಳುತ್ತಿದ್ದರು, ಮತ್ತೇನಾಗುತ್ತಿತ್ತು.

ನಾನು ಏಳು ಎಂದೆ.

ಅವರು ನನ್ನ ಮುಖ ನೋಡಿದರು. ನಂಬಲಿಲ್ಲ ಎಂದುಕೊಂಡೆ. ಅಲ್ಲ, ನಂಬಿದರು. ಅದೇ ನನ್ನನ್ನು ಇವತ್ತಿಗೂ ಸುಡುವುದು. ಓದಿದವರು, ಲೆಕ್ಕದ ಮೇಡಂ, ಸಂಖ್ಯೆಯಲ್ಲಿ ಸುಳ್ಳು ಹೇಳುತ್ತಾರೆ ಎಂದು ಅವರಿಗೆ ಹೊಳೆಯಲೇ ಇಲ್ಲ.

“ಹಂಗಾದ್ರೆ ತಪ್ಪು ನಂದೇ ಇರಬೇಕು ಬಿಡ್ರಿ,” ಎಂದು ಹೇಳಿ ಹೋದರು.

ಅದಾದ ಮೇಲೆ ನಾನು ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟೆ. ಸುತ್ತಿ ಬಳಸಿ ಬಸ್ ಹತ್ತುತ್ತಿದ್ದೆ. ಒಂದೂವರೆ ವರ್ಷಕ್ಕೆ ಜಗಳೂರಿಗೆ ವರ್ಗವಾಯಿತು. ಖಾಲಿ ತೊಟ್ಟಿಯನ್ನು ಮನೆಯ ಮಾಲೀಕರ ಮಹಡಿ ಮೇಲೆ ಬಿಟ್ಟು ಹೋದೆ.

ಜಗಳೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕನ ಮನೆ ಶಾಲೆಯ ಹಿಂದೆಯೇ. ಹದಿನೈದಿಪ್ಪತ್ತು ಕುರಿ ಸಾಕಿದ್ದಳು. ಒಂದು ಮಧ್ಯಾಹ್ನ ಏನೋ ಕೇಳಲು ಹೋದಾಗ, ಕುರಿಗಳು ನೀರು ಕುಡಿಯುವ ಸಿಮೆಂಟ್ ತೊಟ್ಟಿಯಲ್ಲಿ ಏನೋ ಮಿಣಮಿಣ ಎಂದಿತು. ಬಗ್ಗಿ ನೋಡಿದರೆ ಗಪ್ಪಿ ಮೀನು. ಐವತ್ತೋ ಅರವತ್ತೋ, ಎಣಿಸಲು ಆಗಲಿಲ್ಲ. ಸೊಳ್ಳೆಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ತಂದು ಬಿಟ್ಟಿದ್ದಂತೆ. ಸುಡುಬಿಸಿಲು, ಕುರಿ ಬಾಯಿಟ್ಟ ನೀರು, ಮೋಟಾರಿಲ್ಲ, ಏನಿಲ್ಲ.

“ಬಿಟ್ಟೋರು ಬಿಟ್ಟು ಹೋದ್ರು ಮೇಡಂ. ನಾವೇನೂ ಮಾಡಾಕಿಲ್ಲ, ಅವೇ ಬದುಕ್ಕಂಡಾವೆ,” ಎಂದಳು ಅಕ್ಕ.

ಗಣಿತದವಳ ತಲೆ ಸುಮ್ಮನಿರುವುದಿಲ್ಲ. ಮೂರೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ನೀರು ಐದೇ ಇಂಚು. ಅಲ್ಲೇ ನಿಂತು ಗುಣಿಸಿದೆ. ನನ್ನ ಕಂಬದ ತೊಟ್ಟಿಗಿಂತ ಕಡಿಮೆ ನೀರು. ಹೊಟ್ಟೆ ಸಣ್ಣದು. ಬಾಯಿ ಮಾತ್ರ ನನ್ನದಕ್ಕೆ ಐದು ಪಟ್ಟು. ಅಕ್ಕ ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಅಷ್ಟು ದಿನ ಸುಳ್ಳು ಹೇಳಿದ್ದು ಗೊತ್ತಿತ್ತು, ಆದರೆ ಅಂಟಿನದೂ ಒಂದಿಷ್ಟು ತಪ್ಪಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಆ ಕುರಿ ತೊಟ್ಟಿಯ ಮುಂದೆ ಅದೂ ಹೋಯಿತು.

ಇಷ್ಟು ತಿಳಿದ ಮೇಲೆ ಏನು ಮಾಡಬೇಕಿತ್ತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಗ್ರೂಪಿನಲ್ಲಿ ಎರಡು ಸಾಲು ಬರೆಯಬೇಕಿತ್ತು. ಚನ್ನಗಿರಿಗೆ ಒಂದು ಸಲ ಹೋಗಬೇಕಿತ್ತು. ಬರೆಯಲಿಲ್ಲ, ಹೋಗಲಿಲ್ಲ. ಪರೀಕ್ಷೆ ಮುಗಿಯಲಿ, ಗಣತಿ ಕೆಲಸ ಮುಗಿಯಲಿ, ಹೊನ್ನಾಳಿಗೆ ವರ್ಗ ಆಗಲಿ... ನೆಪಕ್ಕೇನು ಬರವೇ. ಒಮ್ಮೆ ಚನ್ನಗಿರಿ ನಿಲ್ದಾಣದಲ್ಲಿ ಬಸ್ ಬದಲಿಸಲು ಇಳಿದು ಅರ್ಧ ಗಂಟೆ ನಿಂತಿದ್ದೆ. ಹಿಂದಿನ ಬೀದಿಗೆ ನೂರು ಹೆಜ್ಜೆ. ಹೊನ್ನಾಳಿ ಬಸ್ ಬಂತು, ಸೀಟು ಸಿಗುವುದಿಲ್ಲ ಎಂದು ಓಡಿ ಹತ್ತಿದೆ. ನನ್ನಷ್ಟು ಹೇಡಿಯಾದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಸಿಂಕಿಗೆ ಅಂಟು ಹಾಕಿಸಿದ ಮಾರನೇ ದಿನ ಭಾನುವಾರ. ಬೆಳಗ್ಗೆ ಎದ್ದವಳೇ ಚನ್ನಗಿರಿ ಬಸ್ ಹತ್ತಿದೆ. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಪಕ್ಕದ ಟೈಲರ್ ಮಾತ್ರ ಹಳಬರು. ವಿಚಾರಿಸಿದೆ. ಸಕ್ಕರೆ ಕಾಯಿಲೆ ಇತ್ತಂತೆ, ಕಾಲಿಗೆ ಗಾಯವಾಗಿ ವಾಸಿಯಾಗದೆ, ತೀರಿಕೊಂಡು ಎರಡು ವರ್ಷವಾಯಿತಂತೆ. ಮನೆಯವರು ಅಂಗಡಿ ಖಾಲಿ ಮಾಡಿ ಊರು ಬಿಟ್ಟರಂತೆ. ಎಲ್ಲಿಗೆ ಹೋದರೆಂದು ಅವರಿಗೆ ಗೊತ್ತಿಲ್ಲ. ನಾನು ಸಣ್ಣ ದನಿಯಲ್ಲಿ, ಮೀನಿನ ತೊಟ್ಟಿ ಮಾಡುತ್ತಿದ್ದರಲ್ಲ ಎಂದೆ. ಟೈಲರ್ ಮಿಷನ್ ನಿಲ್ಲಿಸಿದರು.

“ಅದನ್ನ ಯಾವಾಗ್ಲೋ ಬಿಟ್ಟಿದ್ದ ರೀ. ಯಾರೋ ಟೀಚರ್ ಮನೇಲಿ ಏಳೇ ಮೀನು ಬಿಟ್ಟಿದ್ರಂತೆ, ಅವೂ ಉಳೀಲಿಲ್ವಂತೆ. ಅಪ್ಪನ ಕಾಲದಿಂದ ನಾನು ತಿಳ್ಕೊಂಡಿದ್ದೇ ತಪ್ಪು ಅಂದ್ಮ್ಯಾಲೆ ಹೆಂಗೆ ಮಾಡಿಕೊಡ್ಲಿ ಅನ್ನೋನು. ಕೇಳಾಕೆ ಬಂದೋರನ್ನೂ ವಾಪಸ್ ಕಳಿಸೋನು.”

ಗ್ರೂಪಿನ ಮಾತಿಗೆ ಅವರು ಹೆದರಿರಲಿಲ್ಲ. ಗಿರಾಕಿಗಳು ಮತ್ತೆ ಬಂದಿದ್ದರು. ಅವರನ್ನು ನಿಲ್ಲಿಸಿದ್ದು ನಾನು ಹೇಳಿದ ಆ ಒಂದು ಅಂಕಿ. ನೀವ್ಯಾರು, ಏನಾಗಬೇಕಿತ್ತು ಎಂದು ಟೈಲರ್ ಕೇಳಿದರು. ಆ ಟೀಚರ್ ನಾನೇ ಎಂದು ಹೇಳಲು ಆಗಲೂ ನಾಲಿಗೆ ಏಳಲಿಲ್ಲ. ಸುಮ್ಮನೆ, ಪರಿಚಯದವರು ಎಂದು ಹೇಳಿ ಬಂದುಬಿಟ್ಟೆ.

ವಾಪಸ್ ಬರುವ ಬಸ್ಸಿನಲ್ಲಿ ಫೋನ್ ತೆಗೆದು ಗ್ರೂಪಿಗೆ ಬರೆದೆ. ಸುತ್ತಿ ಬಳಸಲಿಲ್ಲ. ಎಂಟು ವರ್ಷದ ಹಿಂದೆ ನಾನು ಬರೆದದ್ದು ಸುಳ್ಳು, ಅಂಟಿನಲ್ಲಿ ವಿಷ ಇರಲಿಲ್ಲ, ಏಳು ಮೀನಿನ ತೊಟ್ಟಿಗೆ ಹದಿನೇಳು ಬಿಟ್ಟು ಕೊಂದವಳು ನಾನು, ಆ ಮನುಷ್ಯ ಹೇಳಿದ್ದೆಲ್ಲ ಸರಿಯಿತ್ತು, ಅವರ ಹಾಗೆ ತೊಟ್ಟಿಯ ಅಳತೆ ಹೇಳಬಲ್ಲವರನ್ನು ನಾನು ಬೇರೆ ಕಂಡಿಲ್ಲ. ಕಳಿಸಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡೆ. ಆಗ ಮೂವತ್ತು ಜನ ಹಾರಿ ಬಂದಿದ್ದರು, ಈಗ ಇಬ್ಬರು ಕೈ ಮುಗಿದರು. ಯಾವ ವಿಷಯ ಇದು ಎಂದು ಒಬ್ಬರು ಕೇಳಿದರು. ಜಗತ್ತಿನ ಮೇಲೆಯೇ ಸಿಟ್ಟು ಬಂದು ಕಿಟಕಿಯಾಚೆ ನೋಡುತ್ತ ಕುಳಿತೆ.

ಹೊನ್ನಾಳಿ ಹತ್ತಿರ ಬಂದಾಗ ಮತ್ತೊಂದು ಉತ್ತರ ಬಂತು. ನ್ಯಾಮತಿ ಕಡೆಯ ಶಾಲೆಯ ಹುಡುಗಿ, ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು. ಮೇಡಂ, ನಮ್ಮ ಶಾಲೆಗೆ ಒಂದು ಮೀನಿನ ತೊಟ್ಟಿ ಮಾಡಿಸಬೇಕು, ಎಷ್ಟು ದೊಡ್ಡದು ಬೇಕು ಎಂದು ನಮಗೆ ಯಾರಿಗೂ ಗೊತ್ತಾಗುತ್ತಿಲ್ಲ, ಅವರ ನಂಬರ್ ಕಳಿಸುತ್ತೀರಾ ಎಂದು ಬರೆದಿದ್ದಳು.

ಬಸ್ ನಿಂತಿತು. ಜನ ಇಳಿಯುತ್ತಿದ್ದರು. ನಾನು ಸೀಟಿನಲ್ಲಿ ಕುಳಿತುಕೊಂಡೇ, ಅವರು ಹೋಗಿ ಎರಡು ವರ್ಷವಾಯಿತಮ್ಮ ಎಂದು ಬರೆದೆ.